ಅಮ್ಮನ ಕಾರು, ಅಪ್ಪನ ಕಲ್ಲು

ನಮ್ಮ ಮನೆಗೆ ಸ್ವಂತ ವಾಹನ ಬರುವ ಎಷ್ಟೋ ವರ್ಷ ಮೊದಲೇ ಅದನ್ನು ನಿಲ್ಲಿಸಲು ಬೇಕಾದ ಕಲ್ಲು ಬಂದಿತ್ತು. ಅಜ್ಜಿಯ ಕಾಲದ ರುಬ್ಬುವ ಕಲ್ಲು ಯಾವಾಗಲೋ ಒಡೆದು ಎರಡಾಗಿ, ಅದರ ಒಂದು ಹೋಳು ಜಗುಲಿಯ ಮೆಟ್ಟಿಲ ಪಕ್ಕದಲ್ಲಿ, ಚಪ್ಪಲಿಗಳ ಸಾಲಿನ ಕೊನೆಗೆ ಕೂತಿರುತ್ತಿತ್ತು. ಬಾಳೂರಿನ ಕಡೆ ಮಟ್ಟಸವಾದ ಜಾಗ ಎಂದರೆ ಕಾಫಿ ಒಣಗಿಸುವ ಕಣ ಒಂದೇ, ಮಿಕ್ಕಿದ್ದೆಲ್ಲ ಏರು ಇಲ್ಲವೇ ಇಳಿಜಾರು. ನಮ್ಮ ಅಂಗಳವೂ ಮೇಲಿನ ಗೇಟಿನಿಂದ ಹೊರಟು, ಮನೆಯ ಮುಂದೆ ಹಾದು, ಕೆಳಗಿನ ಕಣದವರೆಗೆ ಇಳಿಯುತ್ತಿತ್ತು. ಯಾರದೇ ಜೀಪು ಬಂದು ನಿಂತರೂ ನಾವು ಮೊದಲು ಮಾಡುತ್ತಿದ್ದುದು ಬನ್ನಿ ಎಂದು ಕರೆಯುವ ಕೆಲಸವಲ್ಲ, ಹೋಗಿ ಮುಂದಿನ ಗಾಲಿಗೆ ಕಲ್ಲು ಕೊಡುವ ಕೆಲಸ. ಓಡಿಸುವವರು ಬ್ರೇಕ್ ಒತ್ತಿಕೊಂಡೇ ಕೂತಿರುತ್ತಿದ್ದರು. ಕೆಳಗಿನಿಂದ "ಇಟ್ಟೆ" ಎಂಬ ಮಾತು ಕೇಳಿಸಿದ ಮೇಲೆ ಕಾಲು ತೆಗೆದು ಇಳಿಯುತ್ತಿದ್ದರು. ನಮ್ಮಲ್ಲಿ ಆ ಕೆಲಸ ಅಪ್ಪನದು. ಹ್ಯಾಂಡ್ ಬ್ರೇಕ್ ಎಂಬುದೊಂದು ಎಲ್ಲ ಜೀಪಿನಲ್ಲೂ ಇತ್ತು, ಆದರೆ ಅದನ್ನು ನಂಬಿದವರನ್ನು ನಾನು ನೋಡಿಲ್ಲ. ಸಂತೆ ಚೀಲ ನೇತುಹಾಕಲು ಅದು ಅನುಕೂಲವಾಗಿತ್ತು. ವಾಹನ ರಸ್ತೆಗೆ ಯೋಗ್ಯ ಎಂದು ಬರೆಸಿಕೊಳ್ಳಲು, ಅಂದರೆ ಎಫ್‌ಸಿ ಮಾಡಿಸಲು, ಚಿಕ್ಕಮಗಳೂರಿಗೆ ಹೋಗುವ ಹಿಂದಿನ ದಿನ ಅದರ ಕೇಬಲ್ ಬಿಗಿಸುತ್ತಿದ್ದರು. ಬ್ರೇಕ್ ಇನ್‌ಸ್ಪೆಕ್ಟರಿಗೆ ತೋರಿಸಿ ಬಂದ ಮೇಲೆ ಮತ್ತೆ ಕಲ್ಲೇ ಗತಿ.

ಅಮ್ಮನಿಗೆ ಒಂದು ಕಾರು ಬೇಕಿತ್ತು. ದೊಡ್ಡಸ್ತಿಕೆಗಲ್ಲ, ಹೂವಿಗೆ. ಮನೆಯ ಹಿಂದೆ ಹಸಿರು ಬಲೆ ಕಟ್ಟಿ ಅವಳು ಆಂಥೂರಿಯಂ ಬೆಳೆಯುತ್ತಿದ್ದಳು. ವಾರಕ್ಕೆರಡು ದಿನ ಬೆಳಿಗ್ಗೆ ಹೂವು ಕೊಯ್ದು, ಒಂದೊಂದರ ದಂಟಿಗೂ ಒದ್ದೆ ಹತ್ತಿ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸುತ್ತಿದ್ದಳು. ಆ ದಿನಗಳಲ್ಲಿ ಅಡುಗೆಮನೆಯ ನೆಲವೆಲ್ಲ ಹೂವಿನದೇ, ನಾನು ಮತ್ತು ಅಪ್ಪ ಪಕ್ಕದ ಉಗ್ರಾಣದಲ್ಲಿ ಕಾಫಿ ಮೂಟೆಗಳ ನಡುವೆ ತಟ್ಟೆ ಇಟ್ಟುಕೊಂಡು ಅಕ್ಕಿ ರೊಟ್ಟಿ ತಿನ್ನುತ್ತಿದ್ದೆವು. ಪೆಟ್ಟಿಗೆಗಳು ಹನ್ನೊಂದು ಗಂಟೆಯ ಬೆಂಗಳೂರು ಬಸ್ಸಿಗೆ ಬಣಕಲ್ ಸೇರಬೇಕು. ಸೇರಿಸಲು ಯಾರದ್ದಾದರೂ ಜೀಪು ಬೇಕು. ನಾಳೆ ಬಣಕಲ್ ಕಡೆ ಹೋಗ್ತೀರಾ ಎಂದು ಅಮ್ಮ ಹಿಂದಿನ ದಿನವೇ ನಾಲ್ಕು ಮನೆಗೆ ಫೋನು ಮಾಡುತ್ತಿದ್ದಳು. ಪ್ರತಿ ಸಲವೂ ಅವಳ ದನಿ ಒಂದು ಎಳೆ ಸಣ್ಣದಾಗುತ್ತಿತ್ತು, ಅದು ನನಗೆ ಹಿಡಿಸುತ್ತಿರಲಿಲ್ಲ. ಹೂವಿನ ಮೇಲೆ ಗೊಬ್ಬರದ ಚೀಲ ಹಾಕಿಕೊಂಡು ಹೋದವರಿದ್ದರು, ಬರುತ್ತೇನೆಂದು ಬಾರದವರೂ ಇದ್ದರು. ಹಾಗೆ ಒಂದು ದಿನ ಏಳು ಪೆಟ್ಟಿಗೆ ಜಗುಲಿಯಲ್ಲೇ ಉಳಿದವು. ಅಮ್ಮ ಅಷ್ಟೂ ಹೂವು ತೆಗೆದು, ಕೊಡ, ಚೊಂಬು, ಬಕೆಟ್ಟು, ಹಾಲಿನ ಕ್ಯಾನು ಎನ್ನದೆ ಸಿಕ್ಕ ಪಾತ್ರೆಯಲ್ಲೆಲ್ಲ ನೀರು ತುಂಬಿ ನಿಲ್ಲಿಸಿದಳು. ಹತ್ತು ದಿನ ಬಚ್ಚಲಿನಲ್ಲೂ ಕೆಂಪು ಹೂವು. ಮುಖ ತೊಳೆಯಲು ಹೋದರೆ ಅವು ನಮ್ಮನ್ನೇ ನೋಡುತ್ತಿದ್ದವು. ನನಗೆ ಇವತ್ತಿಗೂ ಆ ಹೂವು ಕಂಡರೆ ಅಷ್ಟಕ್ಕಷ್ಟೇ.

ಅಮ್ಮನಿಗೆ ಡ್ರೈವಿಂಗ್ ಬರುತ್ತಿತ್ತು ಎಂಬುದೇ ಇದರಲ್ಲಿ ಹೊಟ್ಟೆ ಉರಿಸುವ ಸಂಗತಿ. ಕಳಸದ ಹತ್ತಿರದ ತವರುಮನೆಯಲ್ಲಿ ಅವಳು ಮದುವೆಗೆ ಮೊದಲೇ ಜೀಪು ಓಡಿಸಿದ್ದಳು. ಲೈಸೆನ್ಸ್ ಇತ್ತು, ಅವಧಿ ಮುಗಿಯುವ ಮೊದಲೇ ಚಿಕ್ಕಮಗಳೂರಿಗೆ ಹೋಗಿ ಮುಂದುವರಿಸಿಕೊಂಡು ಬರುತ್ತಿದ್ದಳು. ಆಯುಧಪೂಜೆಯ ದಿನ ಅಪ್ಪ ತನ್ನ ಕತ್ತಿ, ಔಷಧಿ ಹೊಡೆಯುವ ಪಂಪು, ತಕ್ಕಡಿ ಎಲ್ಲ ತೊಳೆದು ಸಾಲಾಗಿ ಇಡುತ್ತಿದ್ದ. ಅಮ್ಮ ಟ್ರಂಕಿನಿಂದ ಲೈಸೆನ್ಸ್ ತೆಗೆದು ಆ ಸಾಲಿನ ಕೊನೆಗೆ ಇಟ್ಟು, ಅದಕ್ಕೂ ಕುಂಕುಮ ಹಚ್ಚಿ, ಒಂದು ಸೇವಂತಿಗೆ ಇಡುತ್ತಿದ್ದಳು. ಅಪ್ಪ ನೋಡಿಯೂ ನೋಡದಂತೆ ಮಂಗಳಾರತಿ ಎತ್ತುತ್ತಿದ್ದ. ಅವಳ ಫೋಟೋದ ಹಣೆಯ ಮೇಲೆ ವರ್ಷ ವರ್ಷದ ಕುಂಕುಮ ಕೂತು ಕಂದಾಗಿತ್ತು.

ಅಪ್ಪ ಬೇಡ ಎಂದು ಎಂದೂ ಹೇಳಿದವನಲ್ಲ. ಹೇಳುವಷ್ಟು ಧೈರ್ಯ ಅವನಿಗಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ನಾನು ಹುಟ್ಟುವ ಮೊದಲು ಅವನೊಂದು ಹಳೇ ಜೀಪು ಕೊಂಡಿದ್ದನಂತೆ. ಬಣ್ಣ ನೋಡಿ ಮನಸೋತು, ಒಂದು ಸುತ್ತು ಓಡಿಸಿ, ಅವತ್ತೇ ತಂದದ್ದು. ವಾರದೊಳಗೆ ಚಾರ್ಮಾಡಿ ಘಾಟಿಯ ಇಳಿಜಾರಿನಲ್ಲಿ ಬ್ರೇಕ್ ಪೆಡಲು ನೆಲಕ್ಕೆ ಅಂಟಿ ಮೇಲೇಳಲಿಲ್ಲ. ಅಪ್ಪ ಜೀಪನ್ನು ಗುಡ್ಡದ ಮಗ್ಗುಲಿನ ಮಣ್ಣಿನ ದರೆಗೆ ಗುದ್ದಿಸಿ ಬದುಕಿಕೊಂಡ, ಎಡ ಮೊಣಕೈ ಮಾತ್ರ ಮತ್ತೆ ನೆಟ್ಟಗಾಗಲಿಲ್ಲ. ಆಮೇಲೆ ಅವನು ಸ್ಟೀರಿಂಗ್ ಮುಟ್ಟಲಿಲ್ಲ. ಬಸ್ಸಿನಲ್ಲೂ ದರೆಯ ಕಡೆಯ ಸೀಟು ಸಿಗುವವರೆಗೆ ನಿಂತೇ ಇರುತ್ತಿದ್ದ. ಮನೆಯಲ್ಲಿ ಈ ವಿಷಯ ಯಾರೂ ಎತ್ತುತ್ತಿರಲಿಲ್ಲ. ಬಚ್ಚಲಿನ ಹೂವು ಬಾಡಿದ ಮೇಲೆ ಅಮ್ಮ ಕಾರಿನ ಮಾತು ತೆಗೆದಾಗ ಅಪ್ಪ ತುಂಬ ಹೊತ್ತು ಕಾಫಿ ಲೋಟ ತಿರುಗಿಸುತ್ತ ಕೂತಿದ್ದ. ಕೊನೆಗೆ, ತೆಗೆದುಕೊಳ್ಳೋಣ, ಆದರೆ ಹಮೀದಣ್ಣ ನೋಡಿ ಸರಿ ಇದೆ ಅನ್ನಬೇಕು ಎಂದ. ಅಮ್ಮನಿಗೆ ಅದು ಒಪ್ಪಿಗೆಯ ಹಾಗೇ ಕೇಳಿಸಿತು.

ಹಮೀದಣ್ಣ ಬಣಕಲ್‌ನಲ್ಲಿ ರಸ್ತೆ ಪಕ್ಕ ಗ್ಯಾರೇಜು ಇಟ್ಟಿದ್ದವರು, ಅಪ್ಪನ ಓರಗೆಯವರು. ಆ ದರೆಯಿಂದ ಜೀಪು ಎಳೆಸಿ ತಂದವರೂ ಅವರೇ. ಅವರು ಕಾರು ನೋಡುವ ಕ್ರಮವೇ ಬೇರೆ. ಮಾಲೀಕ ಹೊಗಳುವುದನ್ನೆಲ್ಲ ತಲೆಯಾಡಿಸುತ್ತ ಕೇಳಿ ಮುಗಿಸಿ, ಆಮೇಲೆ ಅವನಿಗೆ ಬೆನ್ನು ಹಾಕಿ ಕೆಲಸ ಶುರು ಮಾಡುತ್ತಿದ್ದರು. ಒಳಗೆ ಕೂತು ಅವರು ಹೇಳಿದ್ದನ್ನು ಒತ್ತಲು ಒಬ್ಬರು ಬೇಕಲ್ಲ, ಅದು ನಾನು. ಬ್ರೇಕ್ ಒತ್ತು ಶೈಲು, ಎಡಗಡೆ ಇಂಡಿಕೇಟರ್ ಹಾಕು, ಹಾರ್ನ್ ಹೊಡಿ, ವೈಪರ್ ಬಿಡು. ಹನ್ನೆರಡು ವರ್ಷದ ಹುಡುಗಿಗೆ ಅದಕ್ಕಿಂತ ದೊಡ್ಡ ಅಧಿಕಾರ ಯಾರೂ ಕೊಟ್ಟಿರಲಿಲ್ಲ. ಮೊದಲನೆಯದು ಮೂಡಿಗೆರೆಯ ಒಂದು ನೀಲಿ ಕಾರು. ಟೈರು ಹೊರಗಿನಿಂದ ಹೊಸದರಂತೆ ಇತ್ತು. ಹಮೀದಣ್ಣ ಕೈಯನ್ನು ಟೈರಿನ ಒಳಮಗ್ಗುಲಿಗೆ ತೂರಿಸಿ ಸವರಿ, ನನ್ನ ಕೈಯನ್ನೂ ಹಿಡಿದು ಅಲ್ಲಿಗೆ ಮುಟ್ಟಿಸಿದರು. ರಬ್ಬರು ಸವೆದು ಒಳಗಿನ ನೂಲು ಬೆರಳಿಗೆ ತಾಗಿತು. ಸ್ಟೀರಿಂಗನ್ನಂತೂ ನಾಲ್ಕು ಬೆರಳು ತಿರುಗಿಸಿದರೂ ಗಾಲಿಗೆ ಸುದ್ದಿಯೇ ಮುಟ್ಟುತ್ತಿರಲಿಲ್ಲ. ಎರಡನೆಯದರಲ್ಲಿ ಅವರು ಕಾಲಡಿಯ ಮ್ಯಾಟ್ ಎತ್ತಿ ಸ್ಕ್ರೂಡ್ರೈವರ್ ತುದಿಯಿಂದ ಮೆಲ್ಲಗೆ ಚುಚ್ಚಿದರು, ಅದು ತುಕ್ಕು ಹಿಡಿದ ತಗಡಿನೊಳಗಿಂದ ಸಲೀಸಾಗಿ ಇಳಿದುಹೋಯಿತು. ತೂತಿನಿಂದ ಕೆಳಗಿನ ಹುಲ್ಲು ಕಾಣುತ್ತಿತ್ತು. ಕಾಲಿಗೆ ಗಾಳಿ ಚೆನ್ನಾಗಿ ಬರುತ್ತೆ ಎಂದ ಅದರ ಮಾಲೀಕ, ನಗದೆ.

ಮೂರನೆಯದು ಕೊಟ್ಟಿಗೆಹಾರದ ಬಿಳಿ ಕಾರು. ಅದರ ಟೈರು ಸರಿ, ಸ್ಟೀರಿಂಗ್ ಸರಿ, ಮ್ಯಾಟಿನ ಕೆಳಗೆ ಗಟ್ಟಿ ತಗಡು. ಗೋಡೆಗೆ ಬಿಟ್ಟ ಎರಡೂ ಹೆಡ್‌ಲೈಟು ಒಂದೇ ಎತ್ತರದಲ್ಲಿ ಬಿದ್ದವು. ಅಮ್ಮ ಆಗಲೇ ಹಿಂದಿನ ಸೀಟಿನ ಅಗಲವನ್ನು ಗೇಣಿನಲ್ಲಿ ಅಳೆಯುತ್ತಿದ್ದಳು, ಎಷ್ಟು ಪೆಟ್ಟಿಗೆ ಹಿಡಿಯುತ್ತದೆಂದು. ಹಮೀದಣ್ಣ ಇನ್ನೊಂದು ಸುತ್ತು ಬಂದರು. ಬಾನೆಟ್ ಎತ್ತಿ ನೋಡಿದ್ದನ್ನೇ ಮತ್ತೆ ನೋಡಿದರು. ಆಮೇಲೆ ಅಪ್ಪನ ಕಡೆಗೊಮ್ಮೆ ನೋಡಿ, ನೆಲ ನೋಡುತ್ತ ಹೇಳಿದರು:

"ಹೊಗೆ ಸರಿ ಇಲ್ಲ ಗೌಡ್ರೇ. ಎಫ್‌ಸಿಲಿ ನಿಲ್ಲಲ್ಲ ಇದು."

ನಾನು ಆಗ ಕಾರಿನ ಹಿಂದೆಯೇ ನಿಂತಿದ್ದೆ. ಇಂಜಿನ್ ಓಡುತ್ತಿತ್ತು. ನಮ್ಮ ಸೌದೆ ಒಲೆ ಬಿಡುವ ಹೊಗೆಯ ಕಾಲು ಭಾಗವೂ ಅದು ಬಿಟ್ಟಿರಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ, ಹೊಗೆ ಎಲ್ಲಿತ್ತು ಎಂದು ಕೇಳಿದೆ. ಅಪ್ಪ ಕಿಟಕಿಯಾಚೆ ನೋಡಿದ, ಅಮ್ಮ ನನ್ನ ತೊಡೆಯ ಮೇಲೆ ಕೈಯಿಟ್ಟು ಸುಮ್ಮನಿರಿಸಿದಳು. ದೊಡ್ಡವರು ಸುಳ್ಳು ಹೇಳುತ್ತಾರೆಂದು ಆ ವಯಸ್ಸಿಗೆ ನನಗೆ ಗೊತ್ತಿತ್ತು, ಹಮೀದಣ್ಣನೂ ಹೇಳುತ್ತಾರೆಂದು ಗೊತ್ತಿರಲಿಲ್ಲ. ಅವತ್ತು ನನಗೆ ಬೇಜಾರಾಗಿದ್ದು ಕಾರು ತಪ್ಪಿಹೋದದ್ದಕ್ಕಲ್ಲ, ಅದಕ್ಕೆ.

ಆದರೂ ಈ ಕಾರು ನೋಡುವ ತಿರುಗಾಟದಿಂದ ಮನೆಯ ಮಾತೇ ಬದಲಾಯಿತು. ಅಂಗಡಿಯಿಂದ ಕುಕ್ಕರು ತಂದರೆ ಅಮ್ಮ ಅದನ್ನು ಮಗುಚಿ ತಳ ನೋಡುವಳು. ಚಿಕ್ಕಮ್ಮನ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದು, ಹುಡುಗ ಬಲು ಸಾಧು ಎಂದು ಎಲ್ಲರೂ ಹೊಗಳುತ್ತಿದ್ದಾಗ, ಟೈರಿನ ಒಳಮಗ್ಗುಲು ನೋಡಿದ್ರಾ ಎಂದು ಅಮ್ಮ ಗಂಭೀರವಾಗಿ ಕೇಳಿದಳು. ಅಪ್ಪ ಬಾಯಲ್ಲಿದ್ದ ಕಡುಬು ನುಂಗಲಾರದೆ ಜಗುಲಿಗೆ ಎದ್ದು ಹೋದ. ಅವರಿಬ್ಬರೂ ಹಾಗೆ ಒಟ್ಟಿಗೆ ನಗುತ್ತಿದ್ದ ದಿನಗಳಲ್ಲಿ ಮನೆ ಬೆಚ್ಚಗಿರುತ್ತಿತ್ತು, ಕಾರು ಇದ್ದರೇನು ಬಿಟ್ಟರೇನು ಎಂದು ನನಗೆ ಅನ್ನಿಸುತ್ತಿತ್ತು. ಅಮ್ಮನಿಗೆ ಹಾಗೆ ಅನ್ನಿಸುತ್ತಿರಲಿಲ್ಲ. ನಾಲ್ಕು ಮನೆಗೆ ಫೋನು ಮಾಡುವುದು ಅವಳಿಗೆ ತಪ್ಪಿರಲಿಲ್ಲ.

ಒಂದು ವರ್ಷ ಕಳೆದ ಮೇಲೆ ಬಣಕಲ್‌ನಲ್ಲಿ ನಾವು ಪೆಟ್ಟಿಗೆ ಇಳಿಸುತ್ತಿದ್ದಾಗ ಆ ಬಿಳಿ ಕಾರು ನಮ್ಮ ಮುಂದೆಯೇ ಹಾದುಹೋಯಿತು. ಹಿಂದೆ ಒಂದು ಎಳೆ ಹೊಗೆಯೂ ಇರಲಿಲ್ಲ. ಅಮ್ಮ ಪೆಟ್ಟಿಗೆಗಳನ್ನು ನನ್ನ ಕಾವಲಿಗೆ ಬಿಟ್ಟು ನೆಟ್ಟಗೆ ಗ್ಯಾರೇಜಿಗೆ ನಡೆದಳು. ನಾನು ಬಸ್ಸಿಗೆ ಹೂವು ಹಾಕಿಸಿ ಓಡಿಹೋಗುವಷ್ಟರಲ್ಲಿ ಹಮೀದಣ್ಣ ಕೈ ಒರೆಸುವ ಬಟ್ಟೆಯನ್ನು ಹಿಂಡುತ್ತ ನಿಂತಿದ್ದರು, ಒಣಗಿದ ಬಟ್ಟೆಯಿಂದ ನೀರು ತೆಗೆಯುವವರಂತೆ.

"ಸುಳ್ಳು ಹೇಳಲ್ಲ ಅಕ್ಕ," ಎಂದರು. "ಮೊದಲಿನ ಎರಡು ಕಾರು ನಿಜವಾಗ್ಲೂ ಕೆಟ್ಟಿದ್ವು. ಇದು ಚೆನ್ನಾಗಿತ್ತು. ಏನಾದ್ರೂ ಒಂದು ಹೇಳಿ ತಪ್ಪಿಸ್ಬಿಡಿ ಅಂತ ಗೌಡ್ರು ಕೈ ಹಿಡ್ಕೊಂಡ್ರು. ಆ ಘಾಟಿಯಿಂದ ಅವ್ರನ್ನ ಎತ್ಕೊಂಡು ಬಂದೋನು ನಾನು. ಇಲ್ಲ ಅನ್ನೋಕೆ ಆಗ್ಲಿಲ್ಲ."

ಅಮ್ಮ ಬೈಯುತ್ತಾಳೆ ಎಂದುಕೊಂಡೆ. ಅವಳು ಬೈಯಲಿಲ್ಲ.

"ಹಾಗಾದ್ರೆ ನೋಡೋದು ನನಗೇ ಕಲಿಸಿ," ಎಂದಳು.

ಮನೆಯಲ್ಲಿ ಅವತ್ತಿನಿಂದ ಉಪ್ಪಿಟ್ಟು ಶುರುವಾಯಿತು. ಅಪ್ಪನಿಗೆ ಉಪ್ಪಿಟ್ಟು ಕಂಡರೆ ಆಗದು ಎಂಬುದು ಊರಿಗೇ ಗೊತ್ತು. ಬೆಳಿಗ್ಗೆ ಉಪ್ಪಿಟ್ಟು, ಮಾರನೇ ಬೆಳಿಗ್ಗೆಯೂ ಉಪ್ಪಿಟ್ಟು, ಹೀಗೆ ಒಂಬತ್ತು ದಿನ. ಅಪ್ಪ ತಿಂದ, ಎರಡನೇ ಸಲ ಹಾಕಿಸಿಕೊಂಡೂ ತಿಂದ. ಏನಾಗಿದೆ ಎಂದು ಅವನು ಕೇಳಲಿಲ್ಲ, ಅಂದರೆ ಅವನಿಗೆ ಗೊತ್ತಾಗಿತ್ತು. ಮಧ್ಯೆ ಸಿಕ್ಕಿಕೊಂಡು ನಾನೂ ತಿಂದೆ. ಒಂಬತ್ತನೇ ದಿನ ತಟ್ಟೆ ಇಡುವಾಗ ಅಮ್ಮನೇ ಮಾತು ತೆಗೆದಳು.

"ಬೇಡ ಅಂತ ನನಗೇ ಹೇಳ್ಬಹುದಿತ್ತು."

"ಹೇಳಿದ್ರೆ ನೀನು ಕೇಳ್ತಿದ್ಯಾ ಮಾರಾಯ್ತಿ?"

"ಇಲ್ಲ. ಆದ್ರೆ ಹೇಳಿದ್ರಿ ಅಂತಾದ್ರೂ ಇರ್ತಿತ್ತು."

ಅಪ್ಪ ಎಡ ಮೊಣಕೈಯನ್ನು ಬಲಗೈಯಿಂದ ಹಿಡಿದುಕೊಂಡು ಕೂತಿದ್ದ. ಪೆಡಲು ನೆಲಕ್ಕೆ ಹೋದಾಗ ಕಾಲಡಿಯಲ್ಲಿ ಏನೂ ಇಲ್ಲದ ಹಾಗಾಗುತ್ತದೆ, ಅದು ಗೊತ್ತಿದ್ದರೆ ನೀನು ಕಾರು ಕೇಳುತ್ತಿರಲಿಲ್ಲ ಎಂದ. ಆ ಘಾಟಿಯ ಬಗ್ಗೆ ಅವನು ಬಾಯಿ ಬಿಟ್ಟದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಮರುದಿನ ಅಮ್ಮ ಅಕ್ಕಿ ರೊಟ್ಟಿ ಮಾಡಿದಳು, ಜೊತೆಗೆ ಕಳಲೆ ಪಲ್ಯವನ್ನೂ ಮಾಡಿದಳು. ಆದರೆ ಕಾರಿನ ವಿಷಯ ಬಿಟ್ಟೆ ಎಂದು ಮಾತ್ರ ಹೇಳಲಿಲ್ಲ.

ವಾರಕ್ಕೆರಡು ದಿನ ಹೂವು ಹಾಕಿಸಿದ ಮೇಲೆ ಅವಳು ಗ್ಯಾರೇಜಿಗೆ ಹೋಗತೊಡಗಿದಳು. ಹಳೇ ಸೀರೆ ಹಾಸಿಕೊಂಡು, ಸೆರಗು ಬಿಗಿದು ಕಟ್ಟಿ, ರಿಪೇರಿಗೆ ಬಂದ ಕಾರುಗಳ ಕೆಳಗೆ ತೂರುತ್ತಿದ್ದಳು. ಬಸ್ಸಿಗೆ ನಿಂತವರು ಕತ್ತು ಉದ್ದ ಮಾಡಿ ನೋಡುತ್ತಿದ್ದರು. ನನಗೆ ಮೊದಮೊದಲು ನಾಚಿಕೆಯಾಗಿ, ಪಕ್ಕದ ಅಂಗಡಿಯಲ್ಲಿ ಗುರುತಿಲ್ಲದವಳಂತೆ ನಿಲ್ಲುತ್ತಿದ್ದೆ. ಆಮೇಲೆ ನಾನೂ ಬಗ್ಗಿ ನೋಡತೊಡಗಿದೆ. ಗಾಲಿಯ ಒಳಬದಿ ಒದ್ದೆಯಾಗಿದ್ದರೆ ಬ್ರೇಕ್ ಆಯಿಲ್ ಸೋರುತ್ತಿದೆ. ಪೆಡಲು ಒತ್ತಿ ಹಿಡಿದು ಹತ್ತು ಎಣಿಸಬೇಕು, ಅಷ್ಟರಲ್ಲಿ ಅದು ಮೆಲ್ಲಗೆ ಕೆಳಗಿಳಿದರೆ ಆ ಕಾರಿನ ಸಹವಾಸ ಬೇಡ. ಓಡುವಾಗ ಬ್ರೇಕ್ ಹಾಕಿದರೆ ಒಂದು ಕಡೆಗೆ ಎಳೆಯಬಾರದು. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಕುಡಿಯುತ್ತಿದೆ. ಹೊಸ ಬಣ್ಣ ಹೊಡೆದ ಜಾಗವನ್ನು ಬೆರಳಿನಿಂದ ತಟ್ಟಬೇಕು, ಟಣ್ ಎನ್ನದೆ ದಬ್ ಎಂದರೆ ಬಣ್ಣದ ಕೆಳಗೆ ಏನೋ ಮೆತ್ತಿದ್ದಾರೆ. ಚಾಸಿಸ್ ನಂಬರು, ಆರ್‌ಸಿ ಪುಸ್ತಕದ ನಂಬರು ಎರಡೂ ಒಂದೇ ಇರಬೇಕು. ಇಷ್ಟೂ ಅವಳಿಗೆ ಬಾಯಿಪಾಠವಾಯಿತು, ನನಗೂ. ಪೆಡಲಿನ ಪರೀಕ್ಷೆಯನ್ನಂತೂ ಅವಳು ಹತ್ತಕ್ಕೆ ನಿಲ್ಲಿಸದೆ ಮೂವತ್ತರವರೆಗೆ ಎಣಿಸುತ್ತಿದ್ದಳು. ಅದು ಯಾರಿಗೋಸ್ಕರ ಎಂದು ನನಗೆ ತಿಳಿಯುತ್ತಿತ್ತು. ಹ್ಯಾಂಡ್ ಬ್ರೇಕಿನ ಮಾತು ಹಮೀದಣ್ಣ ತೆಗೆಯಲಿಲ್ಲ, ಅಮ್ಮ ಕೇಳಲೂ ಇಲ್ಲ. ಮನೆಮನೆಯಲ್ಲೂ ಕಲ್ಲು ಇರುವ ಸೀಮೆಯಲ್ಲಿ ಅದನ್ನು ಯಾರು ನೋಡುತ್ತಾರೆ.

ಚಿಕ್ಕಮಗಳೂರಿನ ಒಬ್ಬ ನಿವೃತ್ತ ಲೆಕ್ಚರರ ಮನೆಯಲ್ಲಿ ಅವಳಿಗೆ ಬೇಕಾದದ್ದು ಸಿಕ್ಕಿತು, ಹಸಿರು ಬಣ್ಣದ, ಹದಿನಾಲ್ಕು ವರ್ಷ ಓಡಿದ ಕಾರು. ಅವರ ಪೋರ್ಟಿಕೋದಲ್ಲಿ ಅಮ್ಮ ಸೀರೆ ಹಾಸಿ ಮಲಗಿದ್ದನ್ನು ಕಂಡು ಆ ಯಜಮಾನರು ಗಾಬರಿಯಾಗಿ ಒಳಗಿಂದ ದಿಂಬು ತರಿಸಿದರು. ವೈಪರಿನ ರಬ್ಬರು ಹೋಗಿದೆ, ಒಂದು ಹೆಡ್‌ಲೈಟು ಮರದ ತುದಿ ನೋಡುತ್ತಿದೆ, ಹಿಂದಿನ ಎರಡು ಟೈರು ಬದಲಾಗಬೇಕು ಎಂದು ಅಮ್ಮ ಕೆಳಗಿನಿಂದಲೇ ಒಂದೊಂದಾಗಿ ಹೇಳಿದಳು. ಮಿಕ್ಕಿದ್ದೆಲ್ಲ ಸರಿ ಇತ್ತು. ಮೂವತ್ತು ಎಣಿಸಿದರೂ ಪೆಡಲು ಕದಲಲಿಲ್ಲ. ವಾರದೊಳಗೆ ಅದನ್ನೆಲ್ಲ ಸರಿ ಮಾಡಿಸಿ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೂಡಿಗೆರೆ, ಬಣಕಲ್ ದಾಟಿ ಅವಳು ಮನೆಗೆ ಹೊರಟಳು. ತಿರುವು ಬಂದಾಗಲೆಲ್ಲ ತುಟಿ ಕಚ್ಚಿ ನಗು ಹಿಡಿದಿಟ್ಟುಕೊಳ್ಳುತ್ತಿದ್ದಳು. ನಾನು ಅವಳನ್ನು ಅಷ್ಟು ಚೆಂದ ಕಂಡದ್ದು ಮತ್ತೆಂದೂ ಇಲ್ಲ.

ಕಾರು ಗೇಟು ದಾಟಿ ಅಂಗಳದಲ್ಲಿ ನಿಂತಿತು. ಅಮ್ಮ ಬ್ರೇಕ್ ಒತ್ತಿಕೊಂಡು ಹಾರ್ನ್ ಹೊಡೆದಳು. ಅಪ್ಪ ಜಗುಲಿಯಲ್ಲೇ ಇದ್ದ, ಪೇಪರು ಮುಖಕ್ಕೆ ಹಿಡಿದುಕೊಂಡು. ಬೆಳಿಗ್ಗೆಯಿಂದ ಅವನು ಊಟ ಮಾಡಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಅಮ್ಮ ಇನ್ನೊಮ್ಮೆ ಹಾರ್ನ್ ಹೊಡೆದಳು. ಪೇಪರು ಇಳಿಯಲಿಲ್ಲ. ಊರಿನ ಯಾವ ಜೀಪಿಗೂ ತಪ್ಪಿಸದ ಕಲ್ಲನ್ನು ಅವನು ಅವಳ ಕಾರಿಗೆ ಇಡಲಿಲ್ಲ. ನನಗಾದರೂ ಇಳಿದು ಇಡಬಹುದು ಎಂದು ಹೊಳೆಯಬೇಕಿತ್ತು, ಹೊಳೆಯಲಿಲ್ಲ, ಅದು ಅಪ್ಪನ ಕೆಲಸ. ಅಮ್ಮನ ಮುಖ ಕೆಂಪಾಯಿತು. ಗೇರಿಗೂ ಹಾಕದೆ, ಹ್ಯಾಂಡ್ ಬ್ರೇಕನ್ನು ಸಿಟ್ಟಿನಿಂದ ಎಳೆದು ಇಳಿದಳು. ನಾನೂ ಇಳಿದೆ. ಅವಳು ಎರಡು ಮೆಟ್ಟಿಲು ಹತ್ತಿದ್ದಳು, ಅಷ್ಟರಲ್ಲಿ ಹಿಂದಿನಿಂದ ಜಲ್ಲಿ ನುರಿಯುವ ಸದ್ದು. ತಿರುಗಿದರೆ ಕಾರು ಯಾವ ಅವಸರವೂ ಇಲ್ಲದೆ ಇಳಿಜಾರಿನಲ್ಲಿ ಹೊರಟಿತ್ತು. ಅದು ಅಂಗಳ ದಾಟಿ, ಕಣಕ್ಕಿಳಿದು, ಒಣಹಾಕಿದ್ದ ಕಾಫಿ ಹಣ್ಣನ್ನು ಎರಡು ಸಾಲು ಉತ್ತುಕೊಂಡು ಹೋಗಿ, ಆ ತುದಿಯಲ್ಲಿ ಒಟ್ಟಿದ್ದ ಗೋಣಿ ಮೂಟೆಗಳಿಗೆ ಮೂತಿ ಒರಗಿಸಿ ನಿಂತಿತು. ಕಣದಲ್ಲಿ ಆಗ ಯಾರೂ ಇರಲಿಲ್ಲ.

ಪೇಪರು ಮೆಟ್ಟಿಲ ಮೇಲೆ ಬಿದ್ದಿತ್ತು. ಅಪ್ಪ ಕಲ್ಲು ಎತ್ತಿಕೊಂಡು, ನೆಟ್ಟಗಾಗದ ಆ ಕೈಯಲ್ಲೇ ಎದೆಗೆ ಒತ್ತಿ ಹಿಡಿದು, ಬರಿಗಾಲಿನಲ್ಲಿ ಕಣಕ್ಕೆ ಓಡುತ್ತಿದ್ದ. ನಾವೂ ಓಡಿದೆವು. ಕಾರಿಗೆ ಏನೂ ಆಗಿರಲಿಲ್ಲ. ಅಪ್ಪನ ಉಸಿರು ಹತೋಟಿಗೆ ಬರಲು ಸ್ವಲ್ಪ ಹೊತ್ತು ಹಿಡಿಯಿತು.

"ಹ್ಯಾಂಡ್ ಬ್ರೇಕ್ ನೋಡಿರ್ಲಿಲ್ವಾ?" ಎಂದು ಕೇಳಿದ.

"ಇಲ್ಲ," ಎಂದಳು ಅಮ್ಮ. "ನೀವು ಕಲ್ಲಿಡ್ತೀರಿ ಅಂತಿದ್ದೆ."

ಅಪ್ಪ ಅವಳನ್ನೇ ನೋಡಿದ. ಆಮೇಲೆ ಮಟ್ಟಸವಾದ ಆ ಕಣದಲ್ಲಿ, ಮೂಟೆಗೆ ಒರಗಿ ಎಲ್ಲಿಗೂ ಹೋಗಲಾರದೆ ನಿಂತಿದ್ದ ಕಾರಿನ ಮುಂದಿನ ಗಾಲಿಗೆ, ಬಗ್ಗಿ ಕಲ್ಲು ಇಟ್ಟ. ಇಟ್ಟೆ ಎಂದ. ಮಣ್ಣು ಹತ್ತಿದ ಕೈಯನ್ನು ಪಂಚೆಗೆ ಒರೆಸಿಕೊಂಡು, ಕಾರಿನ ಸುತ್ತ ಒಂದು ಸುತ್ತು ಬಂದು, ಬಣ್ಣ ಅಡ್ಡಿಯಿಲ್ಲ ಎಂದ. ಅಮ್ಮ ಕಾಫಿ ಹಣ್ಣಿನ ಮೇಲೆಯೇ ಕೂತು ಅತ್ತಳು.

ಮಾರನೇ ದಿನ ಬಂದ ಹಮೀದಣ್ಣ, ಅದೊಂದನ್ನು ಹೇಳಿಕೊಡಲಿಲ್ಲವಲ್ಲ ಅಕ್ಕ ಎಂದು ಹಣೆ ಚಚ್ಚಿಕೊಂಡರು. ಹೊಸ ಕೇಬಲ್ ಹಾಕಿ, ಹಿಂದಿನ ಗಾಲಿಗಳ ಬ್ರೇಕನ್ನು ಬಿಚ್ಚಿ ಸರಿ ಮಾಡಿದರು. ಮುಂದಿನ ವರ್ಷದ ಎಫ್‌ಸಿಯಲ್ಲಿ ಬ್ರೇಕ್ ಇನ್‌ಸ್ಪೆಕ್ಟರು ಏರಿನಲ್ಲಿ ನಿಲ್ಲಿಸಿ ನೋಡಿದಾಗ ಕಾರು ಒಂದಿಂಚೂ ಜರುಗಲಿಲ್ಲ. ಆ ವರ್ಷದ ಆಯುಧಪೂಜೆಯಲ್ಲಿ ಲೈಸೆನ್ಸಿಗೆ ಟ್ರಂಕಿನಲ್ಲೇ ವಿಶ್ರಾಂತಿ, ನಾಲ್ಕೂ ಗಾಲಿಯ ಕೆಳಗೆ ನಿಂಬೆಹಣ್ಣು. ಅಪ್ಪ ಕಾರು ಹತ್ತಲು ಎಂಟು ತಿಂಗಳು ಬೇಕಾಯಿತು. ಮೊದಲ ಸಲ ಹಿಂದಿನ ಸೀಟಿನಲ್ಲಿ ಹೂವಿನ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ, ಅದನ್ನು ಹಿಡಿದುಕೊಳ್ಳಲು ಬಂದವನ ಹಾಗೆ. ಬ್ರೇಕ್ ಎಷ್ಟು ಚೆನ್ನಾಗಿದ್ದರೂ ಕಲ್ಲು ಇಡುವುದನ್ನು ಮಾತ್ರ ಅವನು ಬಿಡಲಿಲ್ಲ. ಹಾರ್ನ್ ಕೇಳಿದರೆ ತೋಟದಲ್ಲಿದ್ದರೂ ಬರುತ್ತಿದ್ದ. ಈಗ ಬ್ರೇಕ್ ಹಿಡಿಯುತ್ತೆ ಎಂದು ಅಮ್ಮ ಹೇಳಿದರೆ, ಹಿಡೀಲಿ ಬಿಡು ಎನ್ನುತ್ತಿದ್ದ. ಅವಳೂ ಅವನು ಬಂದು "ಇಟ್ಟೆ" ಎನ್ನುವವರೆಗೆ ಕಾಲು ತೆಗೆಯುತ್ತಿರಲಿಲ್ಲ. ಹೀಗೇ ಹನ್ನೆರಡು ವರ್ಷ ನಡೆಯಿತು.

ಯಾರಾದರೂ ಎಲ್ಲ ಚೆನ್ನಾಗಿದೆ ಎಂದರೆ ಮ್ಯಾಟು ಎತ್ತಿ ನೋಡುವ ಬುದ್ಧಿ ನನಗೆ ಉಳಿದದ್ದು ಆ ಮನೆಯಿಂದ. ಮೂಡಿಗೆರೆಗೆ ಮದುವೆಯಾಗಿ ಹೋದ ಮೇಲೆ ಹಳೇ ಕಾರು ಕೊಳ್ಳುವ ನೆಂಟರೆಲ್ಲ ನನ್ನನ್ನೇ ಕರೆದುಕೊಂಡು ಹೋಗತೊಡಗಿದರು. ಈಗ ನಾನು ಮೊದಲು ಎಳೆದು ನೋಡುವುದು ಹ್ಯಾಂಡ್ ಬ್ರೇಕನ್ನೇ. ಇಲ್ಲದ ತಪ್ಪು ಹುಡುಕುವವರನ್ನು ಕಂಡರೆ ನನಗೆ ಮೊದಲಿನಷ್ಟು ಸಿಟ್ಟು ಬರುವುದಿಲ್ಲ, ಇವರಿಗೆ ಎಲ್ಲಿ ಪೆಟ್ಟಾಗಿದೆಯೋ ಎಂದು ಯೋಚಿಸುತ್ತೇನೆ.

ಅಪ್ಪ ತೀರಿಕೊಂಡು, ತಿಥಿ ಮುಗಿದು, ನೆಂಟರೆಲ್ಲ ಹೊರಟ ಮೇಲೆ ಅಮ್ಮ ಮತ್ತು ನಾನು ಏನೋ ಸಾಮಾನು ತರಲು ಬಣಕಲ್‌ಗೆ ಹೋಗಿದ್ದೆವು. ಅವನು ಹೋದ ಮೇಲೆ ಅವಳು ಕಾರು ತೆಗೆದದ್ದು ಅದೇ ಮೊದಲು. ಚೆನ್ನಾಗಿಯೇ ಓಡಿಸಿದಳು. ವಾಪಸು ಬಂದು ಅಂಗಳದಲ್ಲಿ ನಿಲ್ಲಿಸಿ, ಇಂಜಿನ್ ಆರಿಸಿ, ಹ್ಯಾಂಡ್ ಬ್ರೇಕ್ ಎಳೆದಳು. ನಾನು ಚೀಲ ತೆಗೆದುಕೊಂಡು ಇಳಿದು ಜಗುಲಿ ಹತ್ತಿದೆ. ಅವಳು ಬರಲಿಲ್ಲ. ಸ್ಟೀರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು ನೇರಕ್ಕೆ ನೋಡುತ್ತ ಕೂತಿದ್ದಳು. ದಣಿದಿದ್ದಾಳೆ ಎಂದುಕೊಂಡೆ. ಹತ್ತಿರ ಹೋಗಿ ಬಾಗಿಲು ತೆಗೆದಾಗ ಅವಳ ಬಲಗಾಲು ಕಂಡಿತು, ಇನ್ನೂ ಬ್ರೇಕಿನ ಮೇಲೇ ಇತ್ತು. ಅಪ್ಪ ಇನ್ನಿಲ್ಲ ಎಂಬುದು, ಅಷ್ಟೆಲ್ಲ ಶಾಸ್ತ್ರ ಮುಗಿಸಿದ್ದರೂ, ನನಗೆ ತಿಳಿದದ್ದು ಆ ಗಳಿಗೆಯಲ್ಲಿ. ಮೆಟ್ಟಿಲ ಬಳಿ ಅವನ ಚಪ್ಪಲಿ ತೆಗೆದಿದ್ದರು, ಕಲ್ಲು ಇದ್ದಲ್ಲೇ ಇತ್ತು. ನಾನು ಅದನ್ನು ಎತ್ತಿ ತಂದು ಮುಂದಿನ ಗಾಲಿಗೆ ಕೊಟ್ಟೆ.

"ಇಟ್ಟೆ ಅಮ್ಮ," ಎಂದೆ.

ಅಮ್ಮ ಕಾಲು ತೆಗೆದಳು.